ಗೋಡೆಗೆ ಹೋದ ಪಾತ್ರೆಗಳು

ಹುಮನಾಬಾದಿನ ಚೀನಿ ಮಸೀದಿ ನೋಡಿಕೊಂಡು ಬಂದವರು ನನ್ನ ಮುಂದೆ ಕೂತು ಅದರ ವರ್ಣನೆ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಸೀದಿ ಚೆಂದವಿಲ್ಲವೆಂದಲ್ಲ. ಅಂಥ ಚೆಂದದ ಕಟ್ಟಡ ಈ ಸೀಮೆಯಲ್ಲಿ ಇನ್ನೊಂದಿದ್ದರೆ ತೋರಿಸಿ, ನೋಡೋಣ. ಆದರೆ ಬಂದವರೆಲ್ಲ ಒಂದೇ ಮಾತನ್ನು ಗಿಣಿಪಾಠದ ಹಾಗೆ ಒಪ್ಪಿಸುತ್ತಾರೆ: ಅಷ್ಟು ಹಳೆಯ ಚೀನಿ ತಾಟುಗಳಂತೆ, ಇಷ್ಟು ಧೂಳಿನಲ್ಲೂ ಬಣ್ಣ ಮಾಸಿಲ್ಲವಂತೆ, ಕಟ್ಟಿದಾಗಿನಿಂದ ಅವನ್ನು ಯಾರೂ ಮುಟ್ಟಿಯೇ ಇಲ್ಲವಂತೆ. ಮುಟ್ಟಿಲ್ಲವಂತೆ! ಮುಟ್ಟದೆ ಯಾವ ಪಾತ್ರೆಯ ಬಣ್ಣ ಉಳಿಯುತ್ತದೆ, ಹೇಳಿ. ನಿಮ್ಮ ಮನೆಯ ತಾಟನ್ನು ಒಂದು ಬೇಸಿಗೆ ಒಲೆಯ ಮೇಲಿನ ಗೂಡಿನಲ್ಲಿ ಹಾಗೇ ಬಿಡಿ, ಆಮೇಲೆ ನನ್ನ ಹತ್ತಿರ ಬನ್ನಿ, ಮಾತಾಡೋಣ.

ಮುಟ್ಟಿದ್ದೇವೆ. ನನ್ನ ನಾನಿ, ಅಂದರೆ ನನ್ನ ತಾಯಿಯ ತಾಯಿ, ಮುಟ್ಟಿದ್ದಾಳೆ. ಆಕೆಯ ಅತ್ತೆ, ಅಜ್ಜಿ, ಅವರಿಗೂ ಹಿಂದಿನವರು ಮುಟ್ಟಿದ್ದಾರೆ. ಈ ಕೈಯಿಂದ ನಾನು ಮುಟ್ಟಿದ್ದೇನೆ. ಅದನ್ನು ಹೇಳುವವರು ಯಾರೂ ಇಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ನಾವು ಇದ್ದದ್ದು ಈಗಿನ ಬಸವಕಲ್ಯಾಣದಲ್ಲಿ. ಆಗ ಎಲ್ಲರ ಬಾಯಲ್ಲೂ ಅದು ಬರೀ ಕಲ್ಯಾಣಿ. ನಾನು ಹೇಳುತ್ತಿರುವುದು ಮೂವತ್ತರ ದಶಕದ ಮಾತು, ನಿಜಾಮರ ಕಾಲದ್ದು. ನಮ್ಮ ತಾಯಿಯ ತವರು ಹುಮನಾಬಾದು. ರಂಜಾನಿಗೆ ಮೊದಲು ಶಾಬಾನ್ ತಿಂಗಳು ಬರುತ್ತದಲ್ಲ, ಆ ತಿಂಗಳಲ್ಲಿ ನಮ್ಮ ತಾಯಿ ಯಾರ ಮಾತೂ ಕೇಳುತ್ತಿರಲಿಲ್ಲ. ಹೊಲದಲ್ಲಿ ಕೆಲಸವಿರಲಿ, ಮನೆಯಲ್ಲಿ ನೆಂಟರಿರಲಿ, ಪರದೆ ಕಟ್ಟಿದ ಬಂಡಿ ಹೂಡಿಸಿ ನನ್ನನ್ನು ಒಳಗೆ ತುರುಕಿ ಹೊರಟೇಬಿಡುತ್ತಿದ್ದಳು. ರಾಜೇಶ್ವರದಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ ನಾವು ಪರದೆಯೊಳಗೇ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಪರದೆಯಲ್ಲಿ ಒಂದು ತೂತಿತ್ತು. ಅದರಿಂದ ಹೊರಗೆ ನೋಡುವ ಸಲುವಾಗಿ ನನಗೂ ನಮ್ಮ ತಾಯಿಗೂ ಜಗಳ. ತಾಯಿಯೇ ಹೆಚ್ಚು ಹೊತ್ತು ನೋಡುತ್ತಿದ್ದಳು.

ಇಷ್ಟೆಲ್ಲ ಅವಸರ ಯಾಕೆಂದರೆ, ಆ ತಿಂಗಳ ಒಂದು ದಿನ ಮಸೀದಿಯ ತಾಟು ತೊಳೆಯುವುದಿತ್ತು. ವರ್ಷದಲ್ಲಿ ಆ ಒಂದು ದಿನ ಗಂಡಸರು ಹೊರಗೆ, ಹೆಂಗಸರು ಒಳಗೆ.

ಮಸೀದಿಯನ್ನು ಕಣ್ಣಾರೆ ಕಾಣದವರಿಗೆ ಹೇಗೆ ಹೇಳಲಿ? ಗುಮ್ಮಟ ಇಲ್ಲ. ಮಾಡಿನ ಮೇಲೆ ಇನ್ನೊಂದು ಸಣ್ಣ ಮಾಡು, ನಾಲ್ಕೂ ಮೂಲೆ ಹುಂಜದ ಬಾಲದ ಹಾಗೆ ಮೇಲಕ್ಕೆ ಎದ್ದಿವೆ. ನಮಾಜಿಗೆ ಕರೆದು ಬಾಂಗ್ ಕೊಡುವ ಮಿನಾರು ಕೂಡ ಹಾಗೇ, ಛತ್ರಿಯ ಮೇಲೆ ಛತ್ರಿ ಇಟ್ಟಂತೆ. ಹೊರಗಿನಿಂದ ನೋಡಿದರೆ ಯಾವುದೋ ದೇಶದ್ದು ಅನ್ನಬೇಕು. ಒಳಗೆ ಕಾಲಿಟ್ಟರೆ ಬೀದರಿನಲ್ಲಿ, ಕಲ್ಯಾಣಿಯಲ್ಲಿ ನೋಡುವಂಥದೇ ಕಮಾನು, ಗಚ್ಚಿನಲ್ಲಿ ಕೆತ್ತಿದ ಅರಬ್ಬಿ ಅಕ್ಷರ. ಇಮಾಮರು ನಿಲ್ಲುವ ಪಶ್ಚಿಮದ ಕಮಾನಿನ ಸುತ್ತ ಗೋಡೆ ತುಂಬ ಚೀನಿ ತಾಟುಗಳು. ಬಿಳಿಯ ಮೇಲೆ ನೀಲಿ. ಒಂದರಲ್ಲಿ ಕಮಲ, ಒಂದರಲ್ಲಿ ಮೀನು, ಒಂದರಲ್ಲಿ ಮೀಸೆ ಬಿಟ್ಟ ಹಾವಿನಂಥದ್ದೊಂದು ಪ್ರಾಣಿ. ನಟ್ಟ ನಡುವೆ, ಕಮಾನಿನ ನೆತ್ತಿಯ ಮೇಲೆ, ಹಿಟ್ಟು ನಾದುವ ಪರಾತದಷ್ಟು ದೊಡ್ಡ ತಾಟು. ಅದರಲ್ಲಿ ಉದ್ದ ಬಾಲದ ಹಕ್ಕಿ.

ಇವು ಅಲ್ಲಿಗೆ ಹೇಗೆ ಬಂದವು ಎಂಬುದನ್ನು ನಾನಿ ಪ್ರತಿವರ್ಷ ಹೇಳುತ್ತಿದ್ದಳು. ಆಕೆಯ ತವರಿನ ಮೂಲಪುರುಷ ಕುದುರೆ ವ್ಯಾಪಾರಿ. ಒಮ್ಮೆ ಹಡಗು ಹತ್ತಿ ಚೀನಾ ದೇಶಕ್ಕೆ ಹೋದವನು ವರ್ಷಗಟ್ಟಲೆ ಬರಲೇ ಇಲ್ಲ. ಹೊರಡುವಾಗ ಹೆಂಡತಿ ಕೇಳಿದ್ದು ಒಂದೇ: ಮನೆಗೆ ನಾಲ್ಕು ಒಳ್ಳೆಯ ಪಾತ್ರೆ ತರ್ರಿ. ಅವನು ತಂದ, ಬಂಡಿ ತುಂಬ ತಂದ. ಜೊತೆಗೆ ಅಲ್ಲಿಯ ಒಬ್ಬ ಗೌಂಡಿಯನ್ನೂ ಕರೆತಂದ. ಬದುಕಿ ಬಂದದ್ದಕ್ಕೆ ಅಲ್ಲಾಹನಿಗೆ ಮಸೀದಿ ಕಟ್ಟಿಸುತ್ತೇನೆಂದು ಸಮುದ್ರದ ನಡುವೆ ಹರಕೆ ಹೊತ್ತಿದ್ದನಂತೆ. ಕಟ್ಟಿಸಿದ ಸರಿ. ಆದರೆ ಹೆಂಡತಿಗೆಂದು ತಂದ ಪಾತ್ರೆಗಳನ್ನೆಲ್ಲ ಗಚ್ಚು ಹಾಕಿ ಗೋಡೆಗೆ ಕೂರಿಸಿಬಿಟ್ಟ!

"ಆಕಿ ಬಿಡ್ತಾಳೇನ?" ನಾನಿ ಈ ಮಾತು ಬಂದಾಗ ಸೆರಗು ಬಿಗಿದು ಕೂರುತ್ತಿದ್ದಳು. "ನೆಟ್ಟಗ ಹೋಗಿ ಮಸೀದಿ ಬಾಗಲದಾಗ ನಿಂತ್ಲು. ನನ್ನ ಪಾತ್ರಿ ಗ್ವಾಡಿಗೆ ಬಡದೀರಿ, ಇರ್ಲಿ, ಅಲ್ಲಾಹನ ಮನಿ ಅದ. ಆದ್ರ ಪಾತ್ರಿ ನನ್ನವು. ನನ್ನ ಪಾತ್ರಿ ನಾನೇ ತೊಳೀತೀನಿ, ನನ್ನ ಹೆಣ್ಮಕ್ಳು ತೊಳೀತಾರ. ಒಳಗ ಬಿಡಲಿಲ್ಲಂದ್ರ ಪಾತ್ರಿ ವಾಪಸ್ ಕೊಡ್ರಿ, ಅಂದ್ಲು. ಗಂಡ ಬಾಯಿ ಮುಚ್ಚಿದ. ಕೊಟ್ಟ ಮಾತು ಅದು."

ಅಂದಿನಿಂದ ತೊಳೆಯುವ ಪದ್ಧತಿ. ನಾವು ಇದನ್ನು ಉಪಕಾರವೆಂದು ತಿಳಿದಿರಲಿಲ್ಲ, ಕರಾರೆಂದು ತಿಳಿದಿದ್ದೆವು.

ಪ್ರತಿ ಹೆಂಗಸಿಗೂ ಅವಳದೇ ತಾಟು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ. ನಡುವಿನ ಹಕ್ಕಿ ನಾನಿಯದು. ನಮ್ಮ ತಾಯಿಯದು ಮೀಸೆಯ ಹಾವು. ಅದಕ್ಕೆ ಅವಳು ನಮ್ಮಪ್ಪನ ಹೆಸರಿಟ್ಟು ಎಲ್ಲರನ್ನೂ ನಗಿಸುತ್ತಿದ್ದಳು. ನನ್ನದು ಕೆಳಸಾಲಿನ ಮೀನು. ನಾನಿಯ ಪಕ್ಕದ ಗಾಣಿಗರ ಮನೆಯ ಹೆಂಗಸು, ನಮಗೆಲ್ಲ ಕಾಕು, ಅವಳಿಗೂ ಒಂದಿತ್ತು, ಕಮಲದ್ದು. ಮಸೀದಿಯ ದೀಪಕ್ಕೆ ತಲೆಮಾರುಗಳಿಂದ ಎಣ್ಣೆ ಅವರ ಗಾಣದ್ದೇ. ಹಾಗಾಗಿ ತಾಟಿನಲ್ಲೂ ಪಾಲು. ಕಾಕು ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದು ಏಣಿ ಹತ್ತುತ್ತಿದ್ದಳು. ಯಾರೂ ಅದನ್ನು ದೊಡ್ಡ ಮಾತು ಮಾಡಿದ್ದಿಲ್ಲ.

ಹಿಂದಿನ ದಿನ ನೆನೆಹಾಕಿದ ಹುಣಸೆಹಣ್ಣು, ಒಣಗಿದ ಹೀರೇಕಾಯಿಯ ನಾರು, ಅಂಗಳದ ನೀರಿನ ಹೌಜಿನಿಂದ ತುಂಬಿದ ಕೊಡಗಳು. ಅಂದು ಆ ಮಸೀದಿಯಲ್ಲಿ ಎಷ್ಟು ನಗು! ನಾಲ್ಕು ಗೋಡೆಯ ನಡುವೆ ಪಿಸುಗುಟ್ಟಿಯೇ ಬಾಳಿದ ಹೆಂಗಸರು ಅಂದು ಗಂಟಲು ಬಿಟ್ಟು ಮಾತಾಡುತ್ತಿದ್ದರು. ಮನೆಯಲ್ಲಿ ನಮ್ಮದು ದಖನಿ ಉರ್ದು. ಅಂದು ಕಾಕುವಿನ ಸಲುವಾಗಿ ಎಲ್ಲ ಕನ್ನಡ. ಕಾಕುವಿನ ಬಾಯೋ, ಕೇಳಬೇಡಿ. ಊರಿನ ಗಂಡಸರೆಲ್ಲರ ಚರ್ಮ ಸುಲಿದು ಕೈಗೆ ಕೊಡುತ್ತಿದ್ದಳು.

ತೊಳೆದಾದ ಮೇಲೆ ನಾನಿ ಕೈಕಾಲು ತೊಳೆದು ವಜು ಮಾಡಿ, ಹಕ್ಕಿಯ ಕೆಳಗೆ ಇಮಾಮರು ನಿಲ್ಲುವ ಜಾಗದ ಹಿಂದೆ ನಿಂತು ಎರಡು ರಕಾತ್ ನಮಾಜು ಓದುತ್ತಿದ್ದಳು. ನಾವು ಅವಳ ಹಿಂದೆ. ಕಾಕು ಬಾಗಿಲ ಹತ್ತಿರ ಕಾಲು ಮಡಚಿ ಕೂತು ಕಾಯುತ್ತಿದ್ದಳು. ನಾನಿ ಹುಟ್ಟಿ ಬೆಳೆದದ್ದು ಆ ಓಣಿಯಲ್ಲಿ, ಕೊಟ್ಟದ್ದೂ ಅದೇ ಓಣಿಗೆ. ಐದೂ ಹೊತ್ತು ಅದೇ ಮಸೀದಿಯ ಬಾಂಗ್ ಕೇಳಿ ಅಡುಗೆಮನೆಯ ಮೂಲೆಯಲ್ಲಿ ನಮಾಜು ಓದಿದವಳು. ತನ್ನ ಪೂರ್ವಜ ಕಟ್ಟಿಸಿದ ಮಸೀದಿಯಲ್ಲಿ ಅವಳ ಹಣೆ ನೆಲಕ್ಕೆ ತಾಕುತ್ತಿದ್ದುದು ವರ್ಷಕ್ಕೆ ಅದೊಂದೇ ದಿನ. ತಾಟು ತೊಳೆಯುವುದೆಂದರೆ ಅವಳಿಗೆ ಅದು. ಆ ದಿನ ತಪ್ಪಿದರೆ ಅವಳಿಗೆ ಮಸೀದಿಯೇ ತಪ್ಪಿದ ಹಾಗೆ.

ನನ್ನ ಮದುವೆಯಾಗಿ ಮರುವರ್ಷ. ನಲವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಲ್ಯಾಣಿಯಲ್ಲೇ ಕೊಟ್ಟಿದ್ದರಿಂದ ತಾಯಿ ಮಗಳು ಎಂದಿನಂತೆ ಒಂದೇ ಬಂಡಿಯಲ್ಲಿ ಹೋದೆವು. ಬೆಳಿಗ್ಗೆ ಹುಣಸೆಯ ಬುಟ್ಟಿ ಹೊತ್ತು ಎಲ್ಲರೂ ಮಸೀದಿಗೆ ಬಂದರೆ, ಗೋಡೆ ಬೆಳ್ಳಗೆ! ಹಕ್ಕಿ ಇಲ್ಲ, ಮೀನಿಲ್ಲ, ಕಮಲವಿಲ್ಲ. ತಾಟಿನ ಮೇಲೆ, ಗಚ್ಚಿನ ಮೇಲೆ, ಎಲ್ಲದರ ಮೇಲೂ ದಪ್ಪನೆಯ ಸುಣ್ಣ. ದುಂಡಗೆ ಉಬ್ಬಿದ ಗುರುತಷ್ಟೇ ಕಾಣುತ್ತಿತ್ತು. ಕಾಕು ಕೈಯಲ್ಲಿದ್ದ ಕೊಡವನ್ನು ಹಾಗೇ ಕೆಳಗಿಟ್ಟಳು.

ಮಾಡಿಸಿದ್ದು ಯಾರು? ನಾನಿಯ ಒಡಹುಟ್ಟಿದ ತಮ್ಮ. ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿ ಆತನೇ. ನಾವು ಚೋಟೇ ನಾನಾ ಎನ್ನುತ್ತಿದ್ದೆವು. ಗಡ್ಡಕ್ಕೆ ಮೆಹಂದಿ ಹಚ್ಚಿಕೊಂಡು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ದೊಡ್ಡ ಮನುಷ್ಯರ ಹೆಸರು ಕೇಳಿದರೆ ಮಾತ್ರ ಬೆವರುತ್ತಿದ್ದ.

"ಏನೋ ಇದು? ಏನ್ ಮಾಡಿಟ್ಟೀ?" ನಾನಿ ಕೇಳಿದಳು.

"ಆಪಾ, ನಾಳೆ ನಿಜಾಮರ ಶಹರದಿಂದ ಸಾಹೇಬ್ರು ಬರಾಕತ್ತಾರ, ಮಸೀದಿ ನೋಡ್ಲಾಕ. ಭಾಳ ದೊಡ್ಡ ಮಂದಿ. ಮಸೀದಿಯೊಳಗ ಹಕ್ಕಿ, ಮೀನಾ, ಹಾವಾ! ಇದೇನ್ ಜಾತ್ರಿ ಅದ ಏನ್, ಅಂತ ಕೇಳಿದ್ರ ನಾ ಏನ್ ಹೇಳ್ಲಿ? ನನ್ನ ಮುತವಲ್ಲಿಕಿ ಕಸಗೊಂಡ್ರ ಏನ್ ಮಾಡ್ಲಿ?"

"ಇಷ್ಟ್ ದಿನ ಅಲ್ಲಾಹ ಕೇಳ್ಲಿಲ್ಲ. ಸಾಹೇಬ ಕೇಳ್ತಾನ?"

ಆತ ಹೆಂಗಸರ ಕಡೆ ಕೈ ಬೀಸಿ, "ತಾಟ್ ಇಲ್ಲ ಅಂದಮ್ಯಾಲ ತೊಳಿಯೂದ್ ಇಲ್ಲ. ಮನಿಗಿ ನಡೀರಿ ಎಲ್ಲಾರೂ," ಅಂದ. ಕೋಳಿ ಓಡಿಸುವ ಹಾಗೆ ಓಡಿಸಿದ! ಕಾಕು ಅಂದು ಆತನಿಗೆ ಅಂದದ್ದನ್ನು ನಾನು ಇಲ್ಲಿ ಬರೆಯಲಾರೆ. ಆದರೆ ಅಂದದ್ದೆಲ್ಲ ಸರಿಯಾಗಿಯೇ ಅಂದಳು.

ನಾನಿ ಮನೆಗೆ ಬಂದು ಉಣ್ಣಲಿಲ್ಲ. ನೆನೆಸಿದ ಹುಣಸೆಯ ಬುಟ್ಟಿಯನ್ನು ಯಾರಿಗೂ ಚೆಲ್ಲಗೊಡಲಿಲ್ಲ.

ಮರುದಿನ ಸಾಹೇಬರು ಮೋಟಾರಿನಲ್ಲಿ ಬಂದರು, ನಿಜಾಮ ಸರಕಾರದ ಹಳೆಯ ಕಟ್ಟಡ ಕಾಯುವ ಇಲಾಖೆಯವರು. ಕೋಟು, ಕೆಂಪು ಟೋಪಿ, ಹಿಂದೆ ಕ್ಯಾಮೆರಾ ಹೊತ್ತ ಒಬ್ಬ. ನಾನಿಯ ಮನೆಯ ಮಾಳಿಗೆಯಿಂದ ಮಸೀದಿಯ ಅಂಗಳ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ನಾವೆಲ್ಲ ಗೋಡೆಯ ಮರೆಯಲ್ಲಿ ಸಾಲಾಗಿ ಕೂತಿದ್ದೆವು. ಸಾಹೇಬರು ಮಾಡಿನ ಮೂಲೆಗಳನ್ನು ನೋಡಿ ಆಹಾ ಎಂದರು, ಮಿನಾರು ನೋಡಿ ಆಹಾ ಎಂದರು. ಒಳಗೆ ಹೋದರು. ಆಮೇಲೆ ಅಂಗಳಕ್ಕೆ ಬಂದು ಶಹರದ ಆ ನಯವಾದ ಉರ್ದುವಿನಲ್ಲಿ ಕೇಳಿದರು: ಚೀನಿ ತಾಟುಗಳೆಲ್ಲಿ? ಅವನ್ನು ನೋಡಲೆಂದೇ ಅಷ್ಟು ದೂರದಿಂದ ಬಂದಿದ್ದೇನಲ್ಲ!

ನೋಡಿದಿರಾ? ಯಾವುದನ್ನು ಮುಚ್ಚಿಟ್ಟು ತನ್ನ ಹುದ್ದೆ ಉಳಿಸಿಕೊಳ್ಳಬೇಕೆಂದಿದ್ದನೋ, ಅದನ್ನೇ ನೋಡಲು ಬಂದಿದ್ದಾರೆ. ಚೋಟೇ ನಾನಾನ ಮುಖ ಮಾಳಿಗೆಯಿಂದಲೇ ಕಾಣುತ್ತಿತ್ತು. ಸುಣ್ಣಕ್ಕಿಂತ ಬೆಳ್ಳಗೆ. ಆಗಲಾದರೂ ನಿಜ ಹೇಳಬಾರದೇ? ಹೆದರಿ ಮುಚ್ಚಿಸಿದೆ, ತಪ್ಪಾಯಿತು ಎಂದರೆ ಯಾರೂ ತಲೆ ಕಡಿಯುತ್ತಿರಲಿಲ್ಲ. ಆತ ಏನು ಹೇಳಿದ ಗೊತ್ತೇ?

"ಹುಜೂರ್, ನಮ್ಮ ಮನೆಯ ಹೆಂಗಸರು. ಪ್ರತಿವರ್ಷ ಬಂದು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹಾಳು ಮಾಡಿದರು. ಬಣ್ಣ ಹೋಯಿತು, ಕೆಲವು ಒಡೆದೂ ಹೋದವು. ಅದಕ್ಕೇ ಸುಣ್ಣ ಬಳಿಸಬೇಕಾಯಿತು. ಅವರಿಗೆ ತಿಳಿವಳಿಕೆ ಎಲ್ಲಿ?"

ನಮ್ಮ ತಾಯಿ ಹಲ್ಲು ಕಚ್ಚಿದಳು. ನಾನಿಯನ್ನು ನೋಡಿದರೆ ನಾನಿ ಅಲ್ಲಿಲ್ಲ. ಮೆಟ್ಟಿಲಿಳಿಯುತ್ತಿದ್ದಳು, ಸೊಂಟದ ಮೇಲೆ ಹುಣಸೆಯ ಬುಟ್ಟಿ. ಜೀವಮಾನದಲ್ಲಿ ಪರಗಂಡಸಿನ ಎದುರು ನಿಂತವಳಲ್ಲ. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಓಣಿ ದಾಟಿ, ಅಂಗಳ ದಾಟಿ, ಸಾಹೇಬರ ಪಕ್ಕದಿಂದಲೇ ಹಾದು ಒಳಗೆ ಹೋದಳು. ನಾನು ಹಿಂದೆಯೇ ಓಡಿದೆ. ಸುಣ್ಣ ಬಳಿಯಲು ತಂದ ಏಣಿ ಇನ್ನೂ ಅಲ್ಲೇ ಇತ್ತು. ನಾನು ಅದನ್ನು ಹಿಡಿದೆ, ನಾನಿ ಹತ್ತಿದಳು. ಎರಡು ಹಿಡಿ ಹುಣಸೆ ಬಡಿದು ತಿಕ್ಕಿದಳು ನೋಡಿ, ಹಸಿ ಸುಣ್ಣ ಹಾಲಿನ ಹಾಗೆ ಸೋರಿ ನನ್ನ ತಲೆಯ ಮೇಲೇ ಬಿತ್ತು. ಮೊದಲು ಬಾಲ ಕಂಡಿತು, ಆಮೇಲೆ ರೆಕ್ಕೆ, ಆಮೇಲೆ ಕೊಕ್ಕು.

"ಎಲ್ಲಿ ಹೋಗ್ಯಾದ ಬಣ್ಣ?" ಅಂದಳು ನಾನಿ, ಗೋಡೆಯ ಕಡೆ ಮುಖ ಮಾಡಿಯೇ. "ತೋರ್ಸು. ಎಲ್ಲಿ ಒಡದದ, ತೋರ್ಸು."

ಸಾಹೇಬರು ಓಡಿ ಬಂದರು. ಹಕ್ಕಿಯನ್ನು ಕಂಡು ಅವರ ಕಣ್ಣು ಅರಳಿದವು. ನಾನು, ಹುಚ್ಚಿ, ಈಗ ನಾನಿಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ ಅಂದುಕೊಂಡೆ. ಅವರ ಬಾಯಿಂದ ಬಂದ ಮೊದಲ ಮಾತು: "ನಿಲ್ಲಿಸಿ! ಕೈ ತೆಗೆಯಿರಿ! ಅದನ್ನು ಮುಟ್ಟಬೇಡಿ!"

ಏಣಿಯಿಂದ ನಾನಿಯನ್ನು ಇಳಿಸಿದರು. ಉಳಿದ ಸುಣ್ಣವನ್ನು ಅವರ ಆಳುಗಳು ಬ್ರಷ್ಷು ಹಿಡಿದು ತೆಗೆದರು. ಹಕ್ಕಿಗೆ ಫೋಟೋ, ಮೀನಿಗೆ ಫೋಟೋ. ಚೋಟೇ ನಾನಾ ಪಕ್ಕದಲ್ಲಿ ಗಡ್ಡ ನೀವುತ್ತ ನಿಂತು, "ತಲೆಮಾರುಗಳಿಂದ ಜೋಪಾನ ಮಾಡಿದ್ದೇವೆ ಹುಜೂರ್" ಅನ್ನುತ್ತಿದ್ದ. ನಾಚಿಕೆ ಅನ್ನುವುದು ಒಂದಿಷ್ಟಾದರೂ ಬೇಡವೇ ಮನುಷ್ಯನಿಗೆ! ಸಾಹೇಬರು ಹೋಗುವ ಮುಂಚೆ ಹೇಳಿದರು: ಇದು ದೇಶದ ಸೊತ್ತು, ಕಬ್ಬಿಣದ ಜಾಲರಿ ಹಾಕಿಸಿ, ಹುಣಸೆ ಗಿಣಸೆ ಹಿಡಿದು ಇನ್ನು ಯಾರೂ ಹತ್ತಿರ ಬರಕೂಡದು. ನಮ್ಮ ಕಡೆ ನೋಡಲೂ ಇಲ್ಲ. ತಾಟು ಉಳಿಯಿತೆಂಬ ಸಂತೋಷದಲ್ಲಿ ನಾವು ಆ ಮಾತಿನ ಅರ್ಥವನ್ನು ಪೂರ್ತಿ ಹಿಡಿಯಲಿಲ್ಲ. ನಾನಿ ಹಿಡಿದಿದ್ದಳು. ಅಂದು ಕಮಾನಿನ ಮುಂದೆ ಗಂಡಸರು ತುಂಬಿದ್ದರು, ಆಕೆಯ ನಮಾಜು ಆಗಲಿಲ್ಲ.

ಮುಂದಿನ ಶಾಬಾನಿಗೆ ನಾವು ಹೋದಾಗ ನಾನಿ ವಿಚಿತ್ರವಾಗಿ ನಡೆದುಕೊಂಡಳು. ಹುಣಸೆ ನೆನೆಸಿರಲಿಲ್ಲ. ನಾವು ಬಂದಿಳಿದ ಬಂಡಿಯ ಎತ್ತು ಬಿಚ್ಚಗೊಡಲಿಲ್ಲ. ಪರದೆ ಬಿಚ್ಚಿಸಿದಳು, ಬಂಡಿಯ ತುಂಬ ದಪ್ಪಗೆ ಒಣಹುಲ್ಲು ಹಾಸಿಸಿದಳು. ಓಣಿಯ ಆಚೆ ಇರುವ ಮಸೀದಿಗೆ ಬಂಡಿ ಯಾಕೆಂದು ನಮ್ಮ ತಾಯಿ ಕೇಳಿದರೆ, "ನಡೀ," ಅಂದಳು, ಅಷ್ಟೇ. ಕಾಕುವೂ ಬಂದಳು.

ತಾಟುಗಳ ಮುಂದೆ ಕಬ್ಬಿಣದ ಜಾಲರಿ, ಅದಕ್ಕೊಂದು ಬೀಗ. ಮಸೀದಿಯ ಬಾಗಿಲಲ್ಲಿ ಕೈ ಅಡ್ಡ ಹಿಡಿದು ಚೋಟೇ ನಾನಾ. ಮಧ್ಯಾಹ್ನದ ನಮಾಜು ಮುಗಿಸಿದ ಗಂಡಸರು ಅಂಗಳದಲ್ಲಿ ನಿಂತಿದ್ದರು.

"ಆಪಾ, ಒಳಗ ಹ್ಯಾಂಗ ಬಿಡ್ಲಿ? ಸಾಹೇಬ್ರ ಹುಕುಂ ಅದ. ತೊಳಿಯೂದೇ ಇಲ್ಲಂದ್ರ ಹೆಣ್ಮಕ್ಳಿಗಿ ಒಳಗ ಏನ್ ಕೆಲಸ?"

"ನನ್ನ ನಮಾಜ್?"

"ಮನ್ಯಾಗ ಓದಕೋ. ಅಲ್ಲಾಹ ಎಲ್ಲಾ ಕಡಿ ಇರ್ತಾನ."

"ಹಂಗಾರ ನೀ ಯಾಕ ಇಲ್ಲಿ ಓದ್ತೀ?"

ಅಂಗಳದಲ್ಲಿ ಯಾರೋ ಕೆಮ್ಮಿದರು. ಚೋಟೇ ನಾನಾ ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ನಾನಿ ಆತನನ್ನು ನೂಕಲಿಲ್ಲ, ಕೂಗಲಿಲ್ಲ. ಮಾರುಕಟ್ಟೆಯಲ್ಲಿ ಸಾಮಾನು ಕೇಳುವಷ್ಟೇ ದನಿಯಲ್ಲಿ ಕೇಳಿದಳು.

"ಹಂಗಾರ ನನ್ನ ಪಾತ್ರಿ ಕೊಡು."

"ಏನಂದಿ?"

"ಪಾತ್ರಿ. ಅಜ್ಜ ಅಜ್ಜಿಗಿ ಕೊಟ್ಟ ಮಾತು ಅದ. ಒಳಗ ಬಿಡೂದಿಲ್ಲಂದ್ರ ಪಾತ್ರಿ ವಾಪಸ್. ಹಕ್ಕಿದು ನಂದು, ಹಾವಿಂದು ನನ್ನ ಮಗಳದು, ಮೀನಿಂದು ಈ ಕೂಸಿಂದು, ಕಮಲದ್ದು ಕಾಕುಂದು. ಒಂದೊಂದೇ ಬಿಚ್ಚಿ ಕೊಡು, ಒಯ್ತೀವಿ."

"ಆಪಾ, ಅವು ಅಲ್ಲಾಹನ ಮನಿಯವು!"

"ಅಲ್ಲಾಹ ನನ್ನಿಂದ ಏನೂ ಕಸಗೊಂಡಿಲ್ಲ. ನೀ ಕಸಗೊಂಡೀ." ನಾನಿ ಹಿಂದಿರುಗಿ ಬೀದಿಯ ಕಡೆ ಕೈ ತೋರಿಸಿದಳು. "ಬಂಡಿ ಹೊರಗ ನಿಂತದ. ಹುಲ್ಲು ಹಾಸೀನಿ. ಒಂದೂ ಒಡಿಯೂದಿಲ್ಲ."

ಆಗ ನನಗೆ ಹುಲ್ಲು ಯಾಕೆಂದು ತಿಳಿಯಿತು. ಅಷ್ಟು ಗಂಡಸರಿದ್ದರಲ್ಲ, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿ ಜಾರಿಕೊಂಡರು. ಚೋಟೇ ನಾನಾ ಬಾಗಿಲೂ ಬಿಡಲಿಲ್ಲ, ತಾಟೂ ಕೊಡಲಿಲ್ಲ. ನಾನಿ ಮಸೀದಿಯ ಕಟ್ಟೆಯ ಮೇಲೆ ಕೂತಳು. ನಾವೂ ಕೂತೆವು. ಸಂಜೆಯ ಬಾಂಗ್ ಆಗುವವರೆಗೂ ಬಂಡಿ ಅಲ್ಲೇ ನಿಂತಿತ್ತು. ಎತ್ತುಗಳು ಕತ್ತು ಹೊರಳಿಸಿ ತಾಟಿಗೆಂದು ಹಾಸಿದ ಹುಲ್ಲನ್ನು ತಿನ್ನತೊಡಗಿದವು, ಯಾರೂ ತಡೆಯಲಿಲ್ಲ.

ಮನೆಗೆ ಹೊರಟಾಗ ನಾನಿಗೆ ಕಾಲು ಎಳೆಯುತ್ತಿತ್ತು. ಬಂಡಿ ಹತ್ತು ಎಂದರೆ ಹತ್ತಲಿಲ್ಲ. "ಅದು ಪಾತ್ರಿಗಿ ತಂದ ಬಂಡಿ," ಅಂದಳು. ಖಾಲಿ ಬಂಡಿ ಮುಂದೆ ಹೋಯಿತು, ಅವಳು ಅದರ ಹಿಂದೆ ನಡೆದೇ ಬಂದಳು.